ಭಾಗ ಎರಡು

ಮೊದಲನೆಯದರಲ್ಲಿ ಅವನು ಸತ್ತಿದ್ದ.
ಇದೇ ಬೈತಖೋಲ ಧಕ್ಕೆ, ಇದೇ ಉಸುಕು,
ಹೆಣದ ಮೇಲೆ ಹಸಿ ಬಲೆ ಹೊದೆಸಿ ಮಲಗಿಸಿದ್ದರು.
ಊಟ, ಚಾ, ಮೇಲೆ ನೂರೈವತ್ತು ರೂಪಾಯಿ,
ಹನ್ನೊಂದು ಹೆಂಗಸರು ಸುತ್ತ ಕೂತು ಅಳಬೇಕು.
ಕಣ್ಣಿಗೆ ಬಿಡಲು ಬಾಟಲಿ ಹಿಡಿದು ಬಂದ ಹುಡುಗ
ನನ್ನ ಮುಂದೆ ನಿಂತ, ನೋಡಿದ, ಮುಚ್ಚಳ ತಿರುಗಿಸಿ
ಹಾಗೇ ಮುಂದೆ ಹೋದ.

ಗಣಬಾ ಹೋಗಿ ಆಗ ಎರಡು ತಿಂಗಳು.
ದೋಣಿಯ ಒಂದು ಹಲಗೆ ಮಾಜಾಳಿಯಲ್ಲಿ ಸಿಕ್ಕಿತ್ತು.
ಅವನದೇನೂ ಸಿಕ್ಕಿರಲಿಲ್ಲ.

ಆ ಸಿನಿಮಾಕ್ಕೆ ಇಡೀ ನಾಡು ಅತ್ತಿತಂತೆ,
ಹುಬ್ಬಳ್ಳಿಯಲ್ಲಿ ನೂರು ದಿನ, ದಾವಣಗೆರೆಯಲ್ಲಿ ಇನ್ನೂ ಹೆಚ್ಚು.
ಬಂದವರೆಲ್ಲ ಕೇಳುತ್ತಿದ್ದರು, ಹೆಣ ಇಟ್ಟದ್ದು ಎಲ್ಲಿ?
ಒಣ ಶೆಟ್ಲಿಯ ಬುಟ್ಟಿ ಸರಿಸಿ ತೋರಿಸುತ್ತಿದ್ದೆ.
ಪಾವು ಕಿಲೋ ಕೊಂಡರೆ ಸರಿಯಾದ ಜಾಗ,
ಕೊಳ್ಳದಿದ್ದರೆ ಅಲ್ಲೇ ಆಚೆ ಎಲ್ಲೋ.

ಹದಿನಾಲ್ಕು ವರ್ಷ ಕಳೆದು ಮತ್ತೆ ವ್ಯಾನು ಬಂತು.
ಈ ಸಲ ಒಂದೇ. ದೊಡ್ಡ ದೀಪ ಎರಡೇ.
ಟಿವಿಗಂತೆ. ಪಾಡ್ಯದ ಮಧ್ಯಾಹ್ನ ಹಾಕುವುದಕ್ಕಂತೆ.
ಭಾಗ ಎರಡು, ನಗೆಯದು.
'ಅವನು ಸತ್ತಿದ್ದನಲ್ಲ?' ಎಂದೆ.
'ಸತ್ತಿಲ್ಲ ಅಕ್ಕ, ತಲೆಗೆ ಪೆಟ್ಟು ಬಿದ್ದು ನೆನಪು ಹೋಗಿತ್ತು,
ಈಜಿ ಗೋವೆ ಸೇರಿ ಅಲ್ಲೊಂದು ಮದುವೆ ಆಗಿದ್ದಾನೆ,
ಈಗ ಇಲ್ಲಿಯವಳ ಕೈಗೂ ಸಿಕ್ಕಿಬೀಳುತ್ತಾನೆ, ಅಲ್ಲಿಂದ ಕಾಮಿಡಿ.'
'ಮತ್ತೆ ನಾವು ಅತ್ತ ಹೆಣ ಯಾರದು?'
ಹುಡುಗ ಕಾಗದ ತಿರುವಿ ನೋಡಿದ.
ಅದು ಬರೆದಿರಲಿಲ್ಲ.

ನಟನೂ ಅವನಲ್ಲ. ಅವನಿಗೆ ಈಗ ಟಿವಿ ಸಾಲದು.
ಇವನು ಬೇರೆ, ಮೀಸೆ ಮಾತ್ರ ಅದೇ,
ಸೆಖೆಗೆ ಅಂಟು ಬಿಟ್ಟು ಒಂದು ತುದಿ ನೇತಾಡುತ್ತಿತ್ತು.
ಇವನನ್ನು ಕಂಡೊಡನೆ ಹೆಂಡತಿಯ ಪಾತ್ರದ ಹುಡುಗಿ
ಆರತಿ ತಟ್ಟೆ ಕೈಜಾರಿಸಿ ಮೂರ್ಛೆ ಹೋಗಬೇಕು.
ಹೋದಳು. ಐದು ಸಲ ಹೋದಳು.
ಒಬ್ಬರಿಗೂ ನಗು ಬರಲಿಲ್ಲ.
ಕೊಡೆಯ ಕೆಳಗೆ ಡೈರೆಕ್ಟರು ಖಾಲಿ ಎಳನೀರನ್ನೇ ಹೀರುತ್ತಿದ್ದ.
ನನ್ನ ಬಾಯಿ ಕೇಳಲಿಲ್ಲ:
'ಅವಳು ಎಂತಕ್ಕೆ ಬೀಳ್ತಾಳೆ ಮಾರಾಯ?
ಹದಿನಾಲ್ಕು ವರ್ಷದ ಮೇಲೆ ಬಂದ ಗಂಡನಿಗೆ
ಮೊದಲು ಕೆನ್ನೆಗೆ ಒಂದು. ಆಮೇಲೆ
ಊಟ ಆಯ್ತಾ ಕೇಳುವುದು.'

'ಮಾಡಿ ತೋರಿಸಿ' ಎಂದ.

ತೋರಿಸಿದೆ.
ಬಂಗಡೆ ಬುಟ್ಟಿ ಎತ್ತುವ ಕೈ. ಮೀಸೆ ಹಾರಿ
ಲೈಟಿನವನ ಚಾ ಲೋಟಕ್ಕೆ ಬಿತ್ತು.
ಹರಾಜು ಕೂಗುವ ಬಾಬಣ್ಣ ನಕ್ಕು ನಕ್ಕು ಧಕ್ಕೆಯ ಮೇಲೇ ಕುಸಿದ,
ಐಸ್ ಒಡೆಯುವ ಹುಡುಗರು ಸುತ್ತಿಗೆ ಕೆಳಗಿಟ್ಟರು,
ನನಗೂ, ದೇವರಾಣೆ, ನನಗೂ
ಹೊಟ್ಟೆಯ ತಳದಿಂದ ಬಂತು, ಬಂದದ್ದು ನಿಲ್ಲಲೊಲ್ಲದು.
ಆ ಕೆನ್ನೆ, ಪಾಪ, ಇನ್ಯಾರದೋ.
'ಊಟ ಆಯ್ತಾ?' ಎಂದೆ ಅದಕ್ಕೆ.
ದನಿ ನನ್ನದೇ ಅಲ್ಲ ಅನ್ನಿಸಿತು.
'ಕೊನೆಯದು ಬೇಡ' ಎಂದರು, 'ಹೊಡೆದದ್ದು ಸಾಕು.'

ಪಾಡ್ಯದ ದಿನ ರುಕ್ಮಾಳ ಮನೆಯಲ್ಲಿ ನೋಡಿದೆವು.
ಸೋಪು, ಸೀರೆ, ಬಂಗಾರದ ಮೇಲೆ ಸಾಲ,
ಸಂದಿನಲ್ಲಿ ಸಿನಿಮಾ.
ಸಮುದ್ರ ಅಂಗೈಯಷ್ಟಾಗಿತ್ತು, ಕೂರ್ಮಗಡ ಒಂದು ಕಡಲೆಬೇಳೆ.
ಸಿಟ್ಟಿನ ಮುಖ ಹುಡುಗಿಯದು, ಹೊಡೆದ ಕೈ ನನ್ನದು;
ಒಡೆಯದೆ ಇಟ್ಟುಕೊಂಡ ಹಸಿರು ಬಳೆ ನೋಡಿ ಗುರುತು ಹಿಡಿದೆ.
ಟಣ್ ಎಂದು ಎಲ್ಲಿಯದೋ ಗಂಟೆ,
ಹಿಂದೆಯೇ ನೂರಾರು ಮಂದಿ ನಕ್ಕರು.
ಒಬ್ಬರೂ ಕಾಣಲಿಲ್ಲ.
ಮಶೀನಿನ ನಗು ಅದು ಎಂದ ರುಕ್ಮಾಳ ಮಗ.
ಕಿವಿಗೊಟ್ಟು ಕೇಳಿದೆ.
ಬಾಬಣ್ಣನದು ಅದರಲ್ಲಿ ಇರಲಿಲ್ಲ. ನನ್ನದೂ.

ಕೊನೆಗೆ ಅವನು ಒಂದೇ ಸ್ಕೂಟರಿನಲ್ಲಿ
ಇಬ್ಬರು ಹೆಂಡಿರನ್ನೂ ಕೂರಿಸಿಕೊಂಡು ಕಾಳಿ ಸೇತುವೆ ದಾಟಿದ.
ಟೀವಿ ಆರಿಸಿದರು.

ಇಷ್ಟು ವರ್ಷ ಅಗಳಿ ಹಾಕದೆ ಮಲಗಿದವಳು
ಅಂದು ಹಾಕಿದೆ.
ಬರುವವ ಬಾಗಿಲು ಬಡಿಯಲಿ ಮೊದಲು.
ಕೈ ಪಳಗಿದೆ.
ಅನ್ನ ಮುಚ್ಚಿಟ್ಟಿದೆ.